ಹದಿನೈದು ದಿನದ ಕೂಸಿಗೆ ಬೆನ್ನಿನ ನೀರಿನ ಪರೀಕ್ಷೆ: ಒಪ್ಪುವುದೋ ಬೇಡವೋ?

ಸೋದರಮಾವ, ತುಮಕೂರು

ತುರ್ತಾಗಿ ಕೇಳುತ್ತಿದ್ದೇನೆ, ತಿಳಿದವರು ದಯವಿಟ್ಟು ಉತ್ತರಿಸಿ. ನನ್ನ ತಂಗಿಯ ಗಂಡು ಕೂಸಿಗೆ ಈಗ ಹದಿನೈದು ದಿನ. ತಿಂಗಳು ತುಂಬಿ ಹುಟ್ಟಿದ ಮಗು, ತೂಕವೂ ಚೆನ್ನಾಗಿತ್ತು. ನಿನ್ನೆ ಬೆಳಗಿನಿಂದ ಮೊಲೆ ಬಾಯಿಗಿಟ್ಟರೆ ಎರಡು ಸಲ ಚೀಪಿ ಬಿಟ್ಟುಬಿಡುತ್ತಿತ್ತು. ಜ್ವರವಿರಲಿಲ್ಲ, ಅಂಗಾಲು ಮಾತ್ರ ತಣ್ಣಗಿತ್ತು. ರಾತ್ರಿ ಒಂದು ಕೈ ಎಳೆದೆಳೆದು ಬಡಿದುಕೊಳ್ಳಲು ಶುರುವಾದಾಗ ಆಸ್ಪತ್ರೆಗೆ ಓಡಿದೆವು. ಈಗ ಎನ್‌ಐಸಿಯುನಲ್ಲಿದೆ (ಹಸುಗೂಸುಗಳ ತೀವ್ರ ನಿಗಾ ಘಟಕ). ಮಿದುಳಿನ ಪೊರೆಗೆ ಸೋಂಕು (ಮೆನಿಂಜೈಟಿಸ್) ತಗುಲಿರುವ ಶಂಕೆಯಿದೆ, ಬೆನ್ನಿನಿಂದ ನೀರು ತೆಗೆದು ನೋಡಬೇಕು, ಸಹಿ ಹಾಕಿ ಎನ್ನುತ್ತಿದ್ದಾರೆ.

ಬೀಗರ ಮನೆಯ ಹಿರಿಯರು ಸುತರಾಂ ಒಪ್ಪುತ್ತಿಲ್ಲ. ಬೆನ್ನಿಗೆ ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುತ್ತದೆ, ಇಷ್ಟು ಎಳೆಯ ಕೂಸು ತಡೆಯುವುದಿಲ್ಲ ಎಂಬ ಭಯ ಅವರದು. ರಕ್ತ ತೆಗೆದಿದ್ದಾರಲ್ಲ, ಅದರಲ್ಲೇ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತಿದ್ದಾರೆ. ಭಾವ ಪೆನ್ನು ಕೈಯಲ್ಲಿ ಹಿಡಿದುಕೊಂಡು ಕಾರಿಡಾರಿನಲ್ಲಿ ನಿಂತಿದ್ದಾರೆ. ಏನು ಹೇಳಲಿ?

ಮಕ್ಕಳ ವೈದ್ಯ, ದಾವಣಗೆರೆ

ಸಹಿ ಹಾಕಲು ಹೇಳಿ. ಈ ಉತ್ತರವನ್ನು ಓದಿ ಮುಗಿಸುವವರೆಗೂ ಕಾಯುವುದು ಬೇಡ, ಮೊದಲು ಸಹಿಯಾಗಲಿ.

ಹಿರಿಯರ ಭಯಕ್ಕೆ ಉತ್ತರ ಇಲ್ಲಿದೆ, ಫೋನಿನಲ್ಲಿ ಓದಿ ಹೇಳಿ. ಬೆನ್ನುಹುರಿ ಬೆನ್ನಿನ ಉದ್ದಕ್ಕೂ ಕೆಳಗಿನವರೆಗೆ ಬರುವುದಿಲ್ಲ. ಹಸುಗೂಸಿನಲ್ಲಿ ಅದು ಸೊಂಟದ ಮೂರನೆಯ ಕಶೇರುಕದ ಹತ್ತಿರ ಮುಗಿಯುತ್ತದೆ. ನಾವು ಸೂಜಿ ಹಾಕುವುದು ಅದಕ್ಕೂ ಕೆಳಗೆ, ಮೂರನೆಯ ಮತ್ತು ನಾಲ್ಕನೆಯ ಅಥವಾ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವೆ. ಅಲ್ಲಿರುವುದು ಮಿದುಳಿನ ಸುತ್ತಲೂ ಇರುವ ಅದೇ ನೀರು ಮತ್ತು ಅದರಲ್ಲಿ ತೇಲಾಡುವ ನರದ ಎಳೆಗಳು. ಸೂಜಿ ಬಂದರೆ ಅವು ಪಕ್ಕಕ್ಕೆ ಸರಿಯುತ್ತವೆ. ಸಿಸ್ಟರ್ ಒಬ್ಬರು ಮಗುವನ್ನು ಮಗ್ಗುಲಿಗೆ ಮಲಗಿಸಿ ಬೆನ್ನು ಬಾಗುವಂತೆ ಹಿಡಿಯುತ್ತಾರೆ. ಕತ್ತು ಹೆಚ್ಚು ಬಾಗಿದರೆ ಉಸಿರಿಗೆ ಕಷ್ಟವಾಗುತ್ತದೆಂದು ಭುಜವನ್ನು ಹಿಡಿಯುತ್ತಾರೆ, ತಲೆಯನ್ನು ಒತ್ತುವುದಿಲ್ಲ. ನೀರು ಹನಿಹನಿಯಾಗಿ ತಾನಾಗಿ ಬೀಳುತ್ತದೆ. ಒಂದೆರಡು ಮಿಲಿಲೀಟರ್ ಸಾಕು, ದೇಹ ಅದನ್ನು ಕೆಲವೇ ಗಂಟೆಗಳಲ್ಲಿ ಮತ್ತೆ ತಯಾರಿಸಿಕೊಳ್ಳುತ್ತದೆ.

ರಕ್ತ ಸಾಲದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಸಾಲದು. ಮಿದುಳು ಪೊರೆಯ ಸೋಂಕು ಖಚಿತವಾದ ಹಸುಗೂಸುಗಳಲ್ಲಿ ಮೂರರಲ್ಲಿ ಒಂದರಷ್ಟು ಮಕ್ಕಳ ರಕ್ತದ ಕಲ್ಚರ್‌ನಲ್ಲಿ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಏನೂ ಬೆಳೆಯದೇ ಇರಬಹುದು. ರಕ್ತವನ್ನು ಮಾತ್ರ ನಂಬಿದರೆ ಆ ಮಕ್ಕಳೆಲ್ಲ ಕೈತಪ್ಪಿ ಹೋಗುತ್ತಾರೆ. ಇನ್ನೊಂದು ವಿಷಯ: ರಕ್ತದ ಸೋಂಕಿಗೂ ಮಿದುಳು ಪೊರೆಯ ಸೋಂಕಿಗೂ ಔಷಧಿಯ ಪ್ರಮಾಣ ಬೇರೆ, ಅವಧಿ ಬೇರೆ. ಕೆಲವು ಔಷಧಿಗಳು ರಕ್ತದಲ್ಲಿ ಚೆನ್ನಾಗಿ ಕೆಲಸ ಮಾಡಿದರೂ ಮಿದುಳಿನ ನೀರಿಗೆ ಸಾಕಷ್ಟು ಇಳಿಯುವುದಿಲ್ಲ. ನೀರನ್ನು ನೋಡದೆ ಔಷಧಿ ಕೊಡುವುದೆಂದರೆ ಕತ್ತಲಲ್ಲಿ ಕಲ್ಲೆಸೆದಂತೆ.

ಪರೀಕ್ಷೆಯನ್ನು ಮುಂದಕ್ಕೆ ಹಾಕುವ ಸಂದರ್ಭಗಳೂ ಇವೆ. ಉಸಿರಾಟ ಅಥವಾ ರಕ್ತದೊತ್ತಡ ತೀರಾ ಕುಸಿದಿದ್ದರೆ, ರಕ್ತ ಹೆಪ್ಪುಗಟ್ಟುವ ಕಣಗಳು ತುಂಬಾ ಕಡಿಮೆಯಿದ್ದರೆ, ಸೂಜಿ ಹಾಕುವ ಜಾಗದಲ್ಲೇ ಗಾಯವಿದ್ದರೆ ಮಗು ಸುಧಾರಿಸುವವರೆಗೆ ಕಾಯುತ್ತೇವೆ. ಆದರೆ ಆಗಲೂ ಆ್ಯಂಟಿಬಯಾಟಿಕ್ ಶುರುಮಾಡಿಯೇ ಕಾಯಬೇಕು. ಸಹಿಗಾಗಿ ಮನೆಯವರು ಚರ್ಚಿಸುತ್ತಿರುವ ಹೊತ್ತಿನಲ್ಲಿ ಔಷಧಿ ನಿಂತಿಲ್ಲ ತಾನೇ? ಅದನ್ನು ಈಗಲೇ ಕೇಳಿ.

ಸೋದರಮಾವ, ತುಮಕೂರು

ಡಾಕ್ಟರೇ, ಬಹಳ ಉಪಕಾರವಾಯಿತು. ಔಷಧಿಯನ್ನು ಬಂದ ತಕ್ಷಣ ಶುರುಮಾಡಿದ್ದಾರಂತೆ. ಭಾವ ಸಹಿ ಹಾಕಿದರು. ಬೀಗರಿಗೆ ಸ್ಪೀಕರ್ ಹಾಕಿ ಓದಿ ಹೇಳಿದೆ. ಬೆನ್ನುಹುರಿ ಎಲ್ಲಿ ಮುಗಿಯುತ್ತದೆ ಎಂಬುದನ್ನು ಕೇಳಿದ ಮೇಲೆ ಅವರು ಬೇಡ ಎನ್ನಲಿಲ್ಲ. ಇನ್ನೊಂದು ಅನುಮಾನ: ಔಷಧಿ ಆಗಲೇ ಒಳಗೆ ಹೋಗಿರುವುದರಿಂದ ಪರೀಕ್ಷೆ ಕೆಡುವುದಿಲ್ಲವೇ?

ಮಕ್ಕಳ ವೈದ್ಯ, ದಾವಣಗೆರೆ

ಕಲ್ಚರ್‌ನಲ್ಲಿ ರೋಗಾಣು ಬೆಳೆಯದೇ ಹೋಗಬಹುದು, ಅದು ನಿಜ. ಆದರೆ ನೀರಿನಲ್ಲಿರುವ ಬಿಳಿ ರಕ್ತಕಣಗಳು, ಹೆಚ್ಚಿದ ಪ್ರೋಟೀನ್, ಇಳಿದ ಸಕ್ಕರೆ ಒಂದೆರಡು ಡೋಸಿಗೆ ಮಾಯವಾಗುವುದಿಲ್ಲ. ಆದ್ದರಿಂದ ಪರೀಕ್ಷೆ ವ್ಯರ್ಥವಲ್ಲ. ಬಾಟಲಿ ಬೇಗ ಪ್ರಯೋಗಾಲಯಕ್ಕೆ ಹೋಗಬೇಕು, ಇಟ್ಟಷ್ಟೂ ಕಣಗಳು ಒಡೆದುಹೋಗುತ್ತವೆ. ಹೊರಗಿನ ಲ್ಯಾಬಿಗೆ ಒಯ್ಯಬೇಕಿದ್ದರೆ ನಿಮ್ಮಲ್ಲೊಬ್ಬರು ಬೈಕ್ ಹಿಡಿದು ಸಿದ್ಧವಾಗಿರಿ.

ಎನ್‌ಐಸಿಯು ಸಿಸ್ಟರ್

ನವಜಾತ ಶಿಶುಗಳ ವಾರ್ಡಿನಲ್ಲೇ ಬಹಳ ಕಾಲ ಕೆಲಸ ಮಾಡಿದವಳು ನಾನು. ಸೋದರಮಾವನವರು ಬರೆದದ್ದರಲ್ಲಿ ಒಂದು ಸಾಲನ್ನು ಎಲ್ಲ ತಾಯಂದಿರೂ ಮತ್ತೊಮ್ಮೆ ಓದಬೇಕು: ಜ್ವರವಿರಲಿಲ್ಲ, ಅಂಗಾಲು ತಣ್ಣಗಿತ್ತು. ಮಿದುಳು ಪೊರೆಯ ಸೋಂಕು ಎಂದರೆ ಸುಡುವ ಜ್ವರ, ಸೆಟೆದ ಕುತ್ತಿಗೆ, ತಲೆನೋವು ಎಂದು ಜನ ತಿಳಿದಿರುತ್ತಾರೆ. ಅದು ದೊಡ್ಡವರ ಲಕ್ಷಣ. ಹಸುಗೂಸಿನ ಕುತ್ತಿಗೆ ಸೆಟೆಯುವುದು ಅಪರೂಪ. ನೆತ್ತಿ ಉಬ್ಬುವುದು ಕೂಡ ಎಲ್ಲ ಮಕ್ಕಳಲ್ಲಿ ಕಾಣುವುದಿಲ್ಲ, ಕಂಡರೂ ಎಷ್ಟೋ ಸಲ ತಡವಾಗಿ. ಮೊದಲು ಕಾಣುವುದು ತೀರಾ ಸಣ್ಣ ಬದಲಾವಣೆ. ಎರಡು ಗಂಟೆಗೊಮ್ಮೆ ಎದ್ದು ಹಾಲಿಗೆ ಅಳುತ್ತಿದ್ದ ಮಗು ಏಳುವುದೇ ಇಲ್ಲ. ಎಬ್ಬಿಸಿದರೆ ನರಳುತ್ತದೆ, ಇಲ್ಲವೇ ಕೀರಲು ದನಿಯಲ್ಲಿ ಬಿಡದೆ ಅಳುತ್ತದೆ. ಎತ್ತಿಕೊಂಡು ತಟ್ಟಿದಷ್ಟೂ ಅಳು ಹೆಚ್ಚಾಗುತ್ತದೆ. ಮೈ ಬಿಸಿಯಾಗಬಹುದು, ತಣ್ಣಗೂ ಆಗಬಹುದು. ನಡುವೆ ಕೆಲವು ಕ್ಷಣ ಉಸಿರೇ ನಿಲ್ಲಬಹುದು.

ಫಿಟ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ಆರೋಗ್ಯವಂತ ಕೂಸಿನ ಕೈಯೂ ಅಳುವಾಗ, ಬೆಚ್ಚಿದಾಗ ನಡುಗುತ್ತದೆ. ನಡುಗುವ ಕೈಯನ್ನು ಮೆಲ್ಲಗೆ ಹಿಡಿದು ನೋಡಿ: ಬರಿಯ ನಡುಕವಾದರೆ ನಿಲ್ಲುತ್ತದೆ, ಫಿಟ್ಸ್ ಆದರೆ ನಿಮ್ಮ ಮುಷ್ಟಿಯೊಳಗೂ ಬಡಿತ ಮುಂದುವರಿಯುತ್ತದೆ. ಕಣ್ಣು ಒಂದೇ ಕಡೆ ನೆಟ್ಟಿರುವುದು, ಹಾಲಿಲ್ಲದೆ ತುಟಿ ಚಪ್ಪರಿಸುತ್ತಿರುವುದು, ಸೈಕಲ್ ತುಳಿದಂತೆ ಕಾಲು ಆಡಿಸುತ್ತಿರುವುದು, ಇವೂ ಫಿಟ್ಸ್ ಆಗಿರಬಹುದು. ಮೊಬೈಲಿನಲ್ಲಿ ಅರ್ಧ ನಿಮಿಷ ವಿಡಿಯೊ ಮಾಡಿಕೊಂಡು ಹೊರಡಿ. ಮಗು ಆಸ್ಪತ್ರೆಗೆ ಬರುವಷ್ಟರಲ್ಲಿ ಎಷ್ಟೋ ಸಲ ಅದು ನಿಂತಿರುತ್ತದೆ, ಮಾತಿನಲ್ಲಿ ವಿವರಿಸುವುದು ಕಷ್ಟ.

ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಸಹಜ. ತಿಂಗಳೊಳಗಿನ ಕೂಸಿಗೆ 38 ಮುಟ್ಟಿತೆಂದರೆ ಪ್ಯಾರಸಿಟಮಾಲ್ ಹನಿ ಹಾಕಿ ರಾತ್ರಿ ಕಳೆಯುವ ಮಾತೇ ಇಲ್ಲ, ಹೊರಡಬೇಕು. ಬೆಚ್ಚಗೆ ಹೊದಿಸಿ ಎದೆಗೆ ಅಪ್ಪಿಕೊಂಡರೂ ಮೈ ತಣ್ಣಗೇ ಇದ್ದರೆ ಆಗಲೂ ಹೊರಡಬೇಕು.

ಹಿರಿಯಜ್ಜಿ, ಶಿರಸಿ

ಮೊಮ್ಮಗಳು ಈ ಚರ್ಚೆಯನ್ನು ಓದಿ ಹೇಳಿದಳು, ನಾನು ಹೇಳಿದ್ದನ್ನು ಅವಳೇ ಬರೆಯುತ್ತಿದ್ದಾಳೆ. ನಮ್ಮ ಕಾಲದಲ್ಲಿ ಹೀಗೆ ಹಾಲು ಬಿಟ್ಟು ಸೆಟೆದುಕೊಂಡ ಕೂಸಿಗೆ ಬಾಲಗ್ರಹ ಎನ್ನುತ್ತಿದ್ದರು. ತಾಯತ ಕಟ್ಟುತ್ತಿದ್ದರು, ದೃಷ್ಟಿ ತೆಗೆಯುತ್ತಿದ್ದರು. ನನ್ನ ಅತ್ತೆಗೆ ಹಾಗೆ ಹೋದ ಕೂಸುಗಳಿದ್ದವು. ಅವರು ಅವುಗಳ ಮಾತನ್ನೇ ಎತ್ತುತ್ತಿರಲಿಲ್ಲ. ಈಗ ನೀವು ಹೇಳುವುದನ್ನು ಕೇಳಿದರೆ ಅದು ಇದೇ ಇರಬೇಕು ಅನ್ನಿಸುತ್ತದೆ. ನನ್ನ ಪ್ರಶ್ನೆ ಬಾಣಂತನದ ಬಗ್ಗೆ. ನೆತ್ತಿಗೆ ಹರಳೆಣ್ಣೆ, ಸಾಂಬ್ರಾಣಿ ಹೊಗೆ, ಹೊಕ್ಕುಳಿಗೆ ಅರಿಸಿನ, ನಾಲಿಗೆಗೆ ಬಜೆ, ಇವುಗಳಲ್ಲಿ ಯಾವುದು ಬಿಡಬೇಕು, ಯಾವುದು ಇರಬಹುದು? ಎಲ್ಲವನ್ನೂ ಬಿಡಿ ಎಂದರೆ ನಮ್ಮಂಥವರು ಕೇಳುವುದಿಲ್ಲ, ಬಿಡಿಸಿ ಹೇಳಿ.

ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ

ಅಜ್ಜಿ, ನೀವು ಹೀಗೆ ಕೇಳಿದ್ದು ನನಗೆ ಬಹಳ ಸಂತೋಷವಾಯಿತು. ನಾನು ಮನೆಗಳಿಗೆ ಹೋದಾಗ ಮೊದಲು ಮಾತಾಡಿಸುವುದು ನಿಮ್ಮಂಥ ಹಿರಿಯರನ್ನೇ. ಬಾಣಂತಿ ಒಪ್ಪಿದರೂ ಮನೆಯ ಹಿರಿಯರು ಒಪ್ಪದಿದ್ದರೆ ಗಾಡಿ ಹೊರಡುವುದಿಲ್ಲ.

ಮೈಗೆ ಎಣ್ಣೆ ಹಚ್ಚಿ ಮೆಲ್ಲಗೆ ನೀವಿದರೆ ತೊಂದರೆಯಿಲ್ಲ, ಕೈ ತೊಳೆದಿರಬೇಕು, ಎಣ್ಣೆ ಚೊಕ್ಕವಾಗಿರಬೇಕು. ಮೂಗಿಗೆ, ಕಿವಿಗೆ ಎಣ್ಣೆ ಬಿಡುವುದು ಬೇಡ. ಹೊಗೆಯನ್ನು ಪೂರ್ತಿ ಬಿಡಿ, ಉಸಿರಿಗೆ ಕೆಟ್ಟದ್ದು. ಹೊಕ್ಕುಳಿಗೆ ಅರಿಸಿನ, ಬೂದಿ, ಸಗಣಿ, ಎಣ್ಣೆ ಯಾವುದೂ ಬೇಡ. ಅದು ತೆರೆದ ಗಾಯ, ಅಲ್ಲಿಂದ ರೋಗಾಣು ನೇರವಾಗಿ ರಕ್ತಕ್ಕೆ ಹೋಗುತ್ತದೆ. ಒಣಗಲು ಬಿಟ್ಟರೆ ತಾನಾಗಿ ಉದುರುತ್ತದೆ. ಬಜೆ, ಜೇನುತುಪ್ಪ, ಸಕ್ಕರೆ ನೀರು, ಗ್ರೈಪ್ ವಾಟರ್ ಏನೂ ಬಾಯಿಗೆ ಬೇಡ. ಹುಟ್ಟಿದ ಗಂಟೆಯೊಳಗೆ ತಾಯಿಯ ಗಿಣ್ಣುಹಾಲು, ಆಮೇಲೆ ಆರು ತಿಂಗಳು ತಾಯಿಯ ಹಾಲು ಮಾತ್ರ.

ನಮ್ಮ ಕಡೆ ಇದಕ್ಕಿಂತ ಘೋರವಾದದ್ದು ಬರೆ. ಮಗು ಸೆಟೆದುಕೊಂಡರೆ, ಹೊಟ್ಟೆ ಉಬ್ಬಿದರೆ ಕಾಯಿಸಿದ ಬಳೆಯಿಂದ ಹೊಟ್ಟೆಯ ಮೇಲೆ ಸುಡುತ್ತಾರೆ. ಸುಟ್ಟ ಮೇಲೆ ಕೂಸು ಚೀರಿ ಚೀರಿ ಸುಸ್ತಾಗಿ ಸುಮ್ಮನಾಗುತ್ತದೆ, ಗುಣವಾಯಿತು ಎಂದು ತಿಳಿಯುತ್ತಾರೆ. ಅಷ್ಟರಲ್ಲಿ ಒಂದು ಹಗಲು ಕಳೆದಿರುತ್ತದೆ. ಸೋಂಕಿನ ಜೊತೆಗೆ ಸುಟ್ಟ ಗಾಯವೂ ಸೇರುತ್ತದೆ. ಇದನ್ನು ಬರೆಯುವಾಗಲೂ ನನ್ನ ಕೈ ನಡುಗುತ್ತದೆ. ಯಾರ ಮನೆಯಲ್ಲಾದರೂ ಬರೆಯ ಮಾತು ಬಂದರೆ ಕೂಸನ್ನು ಎತ್ತಿಕೊಂಡು ಹೊರಬನ್ನಿ, ಜಗಳವಾದರೂ ಆಗಲಿ.

ಆಸ್ಪತ್ರೆಯಲ್ಲಿ ಹೆರಿಗೆಯಾದರೆ ನಾವು ಮೂರನೆಯ ದಿನ, ಏಳನೆಯ ದಿನ, ಆಮೇಲೆ 14, 21, 28 ಮತ್ತು 42ನೆಯ ದಿನ ಮನೆಗೆ ಬರುತ್ತೇವೆ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಬರುತ್ತೇವೆ. ತೂಕ ನೋಡುತ್ತೇವೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತೇವೆ, ಹೊಟ್ಟೆಯ ಏರಿಳಿತ ನೋಡಿ ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತೇವೆ. ಅರವತ್ತು ಮತ್ತು ಅದಕ್ಕಿಂತ ಹೆಚ್ಚಾದರೆ ಮತ್ತೊಮ್ಮೆ ಎಣಿಸುತ್ತೇವೆ, ಆಗಲೂ ಅಷ್ಟೇ ಇದ್ದರೆ 108ಕ್ಕೆ ಕರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ಶಿಶುವಿಗೆ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಚಿಕಿತ್ಸೆ, ಔಷಧಿ, ಪರೀಕ್ಷೆ ಎಲ್ಲ ಉಚಿತ. ದುಡ್ಡಿಲ್ಲ ಎಂದು ಕಾಯುವ ತಾಯಂದಿರಿಗೆ ಈ ಮಾತು ಮುಟ್ಟಿಸಿ. ತಾಯಿ ಕಾರ್ಡ್ ಕೈಯಲ್ಲಿರಲಿ.

ಮಕ್ಕಳ ವೈದ್ಯ, ದಾವಣಗೆರೆ

ಆಶಾ ಅಕ್ಕ, ನಿಮ್ಮ ಕೆಲಸಕ್ಕೆ ನನ್ನ ನಮಸ್ಕಾರ. ಈ ಮನೆಭೇಟಿಯ ಬೇರು ಮಹಾರಾಷ್ಟ್ರದ ಗಡ್‌ಚಿರೋಲಿಯಲ್ಲಿದೆ. ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅಲ್ಲಿನ ಹಳ್ಳಿಗಳ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಸೋಂಕು ತಗುಲಿದ ಶಿಶುವಿಗೆ ಮನೆಯಲ್ಲೇ ಇಂಜೆಕ್ಷನ್ ಕೊಡುವುದನ್ನೂ ಕಲಿಸಿದರು. ನವಜಾತ ಶಿಶುಗಳ ಮರಣ ಅಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಯಿತು, 1999ರಲ್ಲಿ ಅದು ಪ್ರಕಟವಾಯಿತು. 2011ರಲ್ಲಿ ಕೇಂದ್ರ ಸರ್ಕಾರ ಆಶಾ ಕಾರ್ಯಕರ್ತೆಯರ ಮೂಲಕ ದೇಶದಲ್ಲೆಲ್ಲ ಮನೆಭೇಟಿ ಶುರುಮಾಡಿತು. ಇಂಥದ್ದು ನಮ್ಮ ನೆಲದಲ್ಲೇ ಹುಟ್ಟಿತೆಂಬುದು ನನಗೆ ಹೆಮ್ಮೆಯ ವಿಷಯ.

ಎಳೆಯ ಅಪ್ಪ, ಹುಬ್ಬಳ್ಳಿ

ನಮ್ಮ ಮಗಳಿಗೆ ಹುಟ್ಟಿದಾಗಲೇ ಲಸಿಕೆ ಹಾಕಿಸಿದ್ದೇವೆ. ಮಿದುಳಿನ ಸೋಂಕಿಗೂ ಲಸಿಕೆ ಇದೆಯಂತಲ್ಲ? ಹಾಗಿದ್ದರೆ ಹೆದರಬೇಕಿಲ್ಲ ತಾನೇ?

ಮಕ್ಕಳ ವೈದ್ಯ, ದಾವಣಗೆರೆ

ಆರನೆಯ ವಾರದಿಂದ ಕೊಡುವ ಪೆಂಟಾವೇಲೆಂಟ್ ಮತ್ತು ನ್ಯುಮೊಕಾಕಸ್ ಲಸಿಕೆಗಳು ದೊಡ್ಡ ಕೂಸುಗಳನ್ನು ಕಾಡುವ ರೋಗಾಣುಗಳಿಗೆ. ಹಾಕಿಸಲೇಬೇಕು. ಮೊದಲ ತಿಂಗಳಲ್ಲಿ ಮಿದುಳಿಗೆ ನುಗ್ಗುವ ಇ. ಕೋಲೈ, ಕ್ಲೆಬ್ಸಿಯೆಲ್ಲಾ, ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುಗಳಿಗೆ ಶಿಶುವಿಗೆ ಕೊಡುವ ಲಸಿಕೆಯಿಲ್ಲ. ಹಾಗಾಗಿ ಮೊದಲ 28 ದಿನ ಕಣ್ಣಿಟ್ಟಿರಿ.

ನ್ಯೂಜೆರ್ಸಿಯ ಕನ್ನಡತಿ

ನನ್ನ ಇಬ್ಬರೂ ಮಕ್ಕಳು ಇಲ್ಲೇ ಹುಟ್ಟಿದವರು. ಎರಡು ಬಸುರಿನಲ್ಲೂ 36ನೆಯ ವಾರದ ಹೊತ್ತಿಗೆ ಹತ್ತಿಯ ಕಡ್ಡಿಯಿಂದ ಸ್ವಾಬ್ ತೆಗೆದು ಗ್ರೂಪ್ ಬಿ ಸ್ಟ್ರೆಪ್ ಇದೆಯೇ ಎಂದು ನೋಡಿದರು. ಎರಡನೆಯ ಸಲ ಇತ್ತು. ನನಗೆ ಯಾವ ತೊಂದರೆಯೂ ಇರಲಿಲ್ಲ, ಎಷ್ಟೋ ಹೆಂಗಸರ ಮೈಯಲ್ಲಿ ಅದು ಸುಮ್ಮನೆ ಇರುತ್ತದಂತೆ. ಹೆರಿಗೆ ನೋವು ಶುರುವಾದ ಮೇಲೆ ಡ್ರಿಪ್‌ನಲ್ಲಿ ಪೆನಿಸಿಲಿನ್ ಕೊಟ್ಟರು, ಅಷ್ಟೇ. ಅಮೆರಿಕದಲ್ಲಿ 1990ರಲ್ಲಿ ಸಾವಿರ ಹೆರಿಗೆಗೆ 1.8 ಶಿಶುಗಳಿಗೆ ಮೊದಲ ವಾರದಲ್ಲಿ ಈ ಸೋಂಕು ಬರುತ್ತಿತ್ತು, 2015ರ ಹೊತ್ತಿಗೆ ಅದು 0.23ಕ್ಕೆ ಇಳಿದಿತ್ತು. ಇಷ್ಟು ಸುಲಭದ ಕೆಲಸವನ್ನು ನಮ್ಮೂರಿನಲ್ಲಿ ಏಕೆ ಮಾಡುವುದಿಲ್ಲ? ನನ್ನ ಅತ್ತಿಗೆ ಮಂಡ್ಯದಲ್ಲಿ ಬಸುರಿ, ಅವಳ ಡಾಕ್ಟರು ಇದರ ಮಾತೇ ಎತ್ತಿಲ್ಲ.

ಬರ್ಮಿಂಗ್‌ಹ್ಯಾಮಿನಿಂದ

ಬ್ರಿಟನ್ನಿನಲ್ಲೂ ಎಲ್ಲ ಬಸುರಿಯರಿಗೆ ಈ ಪರೀಕ್ಷೆ ಮಾಡುವುದಿಲ್ಲ. ಅವಧಿಗೆ ಮುಂಚೆ ನೋವು ಬಂದರೆ, ಹೆರಿಗೆಯ ಹೊತ್ತಿಗೆ ಜ್ವರವಿದ್ದರೆ, ಹಿಂದಿನ ಕೂಸಿಗೆ ಈ ಸೋಂಕು ಬಂದಿದ್ದರೆ, ಇಂಥ ಸಂದರ್ಭಗಳಲ್ಲಿ ಮಾತ್ರ ಔಷಧಿ ಕೊಡುತ್ತಾರೆ. ಇದು ಸಾಲದೆಂದು ಮಗುವನ್ನು ಕಳೆದುಕೊಂಡ ತಂದೆತಾಯಿಯರು ಇಲ್ಲಿ ಬಹಳ ವರ್ಷದಿಂದ ದನಿಯೆತ್ತುತ್ತಿದ್ದಾರೆ, ನನ್ನ ಮನಸ್ಸೂ ಅವರ ಕಡೆಗಿದೆ.

ಮಕ್ಕಳ ವೈದ್ಯ, ದಾವಣಗೆರೆ

ನ್ಯೂಜೆರ್ಸಿಯವರ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ನಮ್ಮ ಸಮಸ್ಯೆಯ ತಿರುಳು ಇಲ್ಲೇ ಇದೆ.

ಪಶ್ಚಿಮ ದೇಶಗಳಲ್ಲಿ ಹಸುಗೂಸಿನ ಮಿದುಳು ಪೊರೆಯ ಸೋಂಕಿಗೆ ಗ್ರೂಪ್ ಬಿ ಸ್ಟ್ರೆಪ್ ಮೊದಲ ಶತ್ರು, ಇ. ಕೋಲೈ ಎರಡನೆಯದು. ನಮ್ಮಲ್ಲಿ ಗ್ರೂಪ್ ಬಿ ಇದೆ, ಆದರೆ ಮೇಲುಗೈ ಅದರದ್ದಲ್ಲ. ದೆಹಲಿಯ ಮೂರು ದೊಡ್ಡ ಆಸ್ಪತ್ರೆಗಳಲ್ಲಿ 2011ರಿಂದ 2014ರವರೆಗೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನ ನವಜಾತ ಶಿಶುಗಳ ಸೋಂಕಿನ ಬಗ್ಗೆ ನಮ್ಮ ಕಣ್ಣು ತೆರೆಸಿತು. ಅಲ್ಲಿ ಮುಂದಿದ್ದವು ಅಸಿನೆಟೊಬ್ಯಾಕ್ಟರ್ ಶೇ. 22, ಕ್ಲೆಬ್ಸಿಯೆಲ್ಲಾ ಶೇ. 17, ಇ. ಕೋಲೈ ಶೇ. 14. ಇನ್ನೂ ಎದೆ ಝಲ್ಲೆನಿಸುವ ಸಂಗತಿಯೆಂದರೆ ಆ ಅಸಿನೆಟೊಬ್ಯಾಕ್ಟರ್‌ನಲ್ಲಿ ಶೇ. 82 ಹಲವು ಔಷಧಿಗಳಿಗೆ ಬಗ್ಗದವು. ಸೋಂಕಿನ ಮೂರನೆಯ ಎರಡರಷ್ಟು ಹುಟ್ಟಿದ ಮೊದಲ ಮೂರು ದಿನಗಳಲ್ಲೇ ಕಾಣಿಸಿಕೊಂಡಿತ್ತು. ಅಂದರೆ ಹೆರಿಗೆ ಕೋಣೆ ಮತ್ತು ಎನ್‌ಐಸಿಯುನ ಕೈಗಳು, ನಲ್ಲಿ, ಸಕ್ಷನ್ ಪೈಪು ಎಲ್ಲವನ್ನೂ ನಾವು ಅನುಮಾನದಿಂದ ನೋಡಬೇಕು.

ಮಂಡ್ಯದ ಅತ್ತಿಗೆಯವರು ಸ್ವಾಬ್ ಮಾಡಿಸುವುದಾದರೆ ಮಾಡಿಸಲಿ, ಕೇಳುವುದರಲ್ಲಿ ತಪ್ಪಿಲ್ಲ. ಆದರೆ ಸ್ವಾಬ್ ಸರಿಯಿದೆ ಎಂದು ನಿಶ್ಚಿಂತೆಯಿಂದ ಇರುವಂತಿಲ್ಲ. ಅಮೆರಿಕದಲ್ಲೂ ಹೆರಿಗೆಯ ಹೊತ್ತಿನ ಪೆನಿಸಿಲಿನ್ ಮೊದಲ ವಾರದ ಸೋಂಕನ್ನು ತಡೆಯುತ್ತದೆ, ಒಂದು ವಾರದಿಂದ ಮೂರು ತಿಂಗಳ ನಡುವೆ ಬರುವುದನ್ನು ತಡೆಯುವುದಿಲ್ಲ. ಮಿದುಳು ಪೊರೆಗೆ ಹೆಚ್ಚಾಗಿ ನುಗ್ಗುವುದು ಆ ತಡವಾಗಿ ಬರುವ ಬಗೆಯೇ. ನಮ್ಮಲ್ಲಿ ಒಂದೇ ಒಂದು ಸುಧಾರಣೆ ಮಾಡುವ ಅಧಿಕಾರ ನನಗಿದ್ದರೆ ಪ್ರತಿ ಹೆರಿಗೆ ಕೋಣೆಯಲ್ಲೂ ನಿಲ್ಲದೆ ಹರಿಯುವ ನೀರು, ಸೋಪು ಮತ್ತು ಸಾಕಷ್ಟು ಸಿಸ್ಟರ್‌ಗಳನ್ನು ಕೊಡುತ್ತಿದ್ದೆ. ಒಬ್ಬ ಸಿಸ್ಟರ್ ಹತ್ತು ಶಿಶುಗಳನ್ನು ನೋಡಿಕೊಳ್ಳಬೇಕಾದ ಕಡೆ ಕೈ ತೊಳೆಯಿರಿ ಎಂಬ ಫಲಕ ಹಾಕಿ ಏನು ಪ್ರಯೋಜನ?

ಎನ್‌ಐಸಿಯು ಸಿಸ್ಟರ್

ಡಾಕ್ಟರು ನಮ್ಮ ಪರವಾಗಿ ಮಾತಾಡಿದ್ದಕ್ಕೆ ಧನ್ಯವಾದ. ಮನೆಯವರಿಗೂ ಒಂದು ಮಾತು. ವಾರ್ಡಿನೊಳಗೆ ಬರುವಾಗ ಉಂಗುರ, ಬಳೆ, ಗಡಿಯಾರ ತೆಗೆದು ಮೊಣಕೈವರೆಗೆ ಸೋಪು ಹಾಕಿ ತೊಳೆಯಿರಿ. ಒಳಗೆ ಬಂದ ಮೇಲೆ ಮೊಬೈಲ್ ಮುಟ್ಟಿದರೆ ಮತ್ತೆ ತೊಳೆಯಿರಿ. ಡಾಕ್ಟರಾಗಲಿ ನಾನಾಗಲಿ ಕೈ ತೊಳೆಯದೆ ನಿಮ್ಮ ಮಗುವನ್ನು ಮುಟ್ಟಲು ಬಂದರೆ ನಿಲ್ಲಿಸಿ ಹೇಳಿ, ಯಾರೂ ಬೇಸರ ಮಾಡಿಕೊಳ್ಳಬಾರದು. ತಾಯಿಯ ಹಾಲನ್ನು ಹಿಂಡಿ ತಂದುಕೊಡಿ. ಕೊಳವೆಯ ಮೂಲಕ ಕೊಟ್ಟರೂ ಅದರ ಶಕ್ತಿ ಕುಂದುವುದಿಲ್ಲ.

ನ್ಯೂಜೆರ್ಸಿಯ ಕನ್ನಡತಿ

ಹಾಲಿನ ಮಾತು ಬಂದದ್ದರಿಂದ ಸೇರಿಸುತ್ತೇನೆ. ಡಬ್ಬಿಯ ಪುಡಿಹಾಲು ರೋಗಾಣುರಹಿತವಲ್ಲ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಕ್ರೊನೊಬ್ಯಾಕ್ಟರ್ ಎಂಬ ರೋಗಾಣು ಒಣ ಪುಡಿಯಲ್ಲೂ ಬದುಕುತ್ತದೆ, ಶಿಶುವಿನ ಮಿದುಳಿನಲ್ಲಿ ಕೀವು ತುಂಬಿಸುತ್ತದೆ. 2022ರಲ್ಲಿ ಇಲ್ಲಿ ಮಿಷಿಗನ್ ರಾಜ್ಯದ ಒಂದು ಕಾರ್ಖಾನೆಯ ಪುಡಿಹಾಲನ್ನು ಇದೇ ಕಾರಣಕ್ಕೆ ಹಿಂಪಡೆದು ದೇಶದಲ್ಲೆಲ್ಲ ಹಾಲಿನ ಡಬ್ಬಿಗೆ ಪರದಾಡುವಂತಾಯಿತು. ಪುಡಿಹಾಲು ಕೊಡಲೇಬೇಕಾದವರು 70 ಡಿಗ್ರಿಗೆ ಕಡಿಮೆಯಿಲ್ಲದ ಬಿಸಿನೀರಿನಲ್ಲಿ ಕಲಸಿ, ಆರಿಸಿ, ಕೂಡಲೇ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಳಿದದ್ದನ್ನು ಇಟ್ಟು ಮತ್ತೆ ಕುಡಿಸಬೇಡಿ.

ಸೋದರಮಾವ, ತುಮಕೂರು

ಎಲ್ಲರಿಗೂ ಸುದ್ದಿ ತಿಳಿಸುತ್ತಿದ್ದೇನೆ. ಬೆನ್ನಿನ ನೀರು ಮಬ್ಬಾಗಿತ್ತಂತೆ. ಕಲ್ಚರ್‌ನಲ್ಲಿ ಇ. ಕೋಲೈ ಬೆಳೆದಿದೆ. ಯಾವ ಔಷಧಿಗೆ ಬಗ್ಗುತ್ತದೆಂದು ಗೊತ್ತಾದ ಮೇಲೆ ಮೊದಲಿನ ಔಷಧಿಯನ್ನು ಬದಲಿಸಿದರು. ಫಿಟ್ಸ್ ನಿಂತಿದೆ. ಈಗ ತಂಗಿಯ ಮೊಲೆಯಿಂದಲೇ ಹಾಲು ಕುಡಿಯುತ್ತಿದೆ. ಬೀಗರು ಮತ್ತೆ ಶುರುಮಾಡಿದ್ದಾರೆ: ಕೂಸು ಚೆನ್ನಾಗಿದೆಯಲ್ಲ, ಮನೆಗೆ ಕರೆದುಕೊಂಡು ಹೋಗಿ ಔಷಧಿಯನ್ನು ಬಾಯಿಗೆ ಹಾಕೋಣ, ಇನ್ನೂ ಎರಡು ವಾರ ಇಲ್ಲಿ ಏಕೆ ಎನ್ನುತ್ತಾರೆ. ಖರ್ಚೂ ಕೈಮೀರುತ್ತಿದೆ, ಸುಳ್ಳು ಹೇಳಲಾರೆ. ಇಷ್ಟೊಂದು ಔಷಧಿ ಪುಟ್ಟ ಮೈಗೆ ಹಾನಿ ಮಾಡುವುದಿಲ್ಲವೇ ಎಂದು ತಂಗಿಯೂ ಕೇಳುತ್ತಿದ್ದಾಳೆ.

ಮಕ್ಕಳ ವೈದ್ಯ, ದಾವಣಗೆರೆ

ಹಾಲು ಕುಡಿಯುತ್ತಿದೆ ಎಂಬುದು ಬಹಳ ಒಳ್ಳೆಯ ಸುದ್ದಿ. ಆದರೆ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ. ಗ್ರೂಪ್ ಬಿ ಸ್ಟ್ರೆಪ್ ಆಗಿದ್ದರೆ, ತೊಡಕುಗಳಿಲ್ಲದಿದ್ದರೆ 14 ದಿನ ಸಾಕಾಗುತ್ತಿತ್ತು. ಇ. ಕೋಲೈ, ಕ್ಲೆಬ್ಸಿಯೆಲ್ಲಾ ಜಾತಿಯವಕ್ಕೆ ಕನಿಷ್ಠ 21 ದಿನ, ಅದೂ ರಕ್ತನಾಳದ ಮೂಲಕವೇ. ಬಾಯಿಗೆ ಹಾಕುವ ಔಷಧಿ ಮಿದುಳಿನ ನೀರಿನಲ್ಲಿ ಬೇಕಾದ ಮಟ್ಟಕ್ಕೆ ಏರುವುದಿಲ್ಲ. ಹೊರಗಿನಿಂದ ಕೂಸು ಲವಲವಿಕೆಯಿಂದ ಇದ್ದರೂ ಮಿದುಳಿನ ಒಳಗಿನ ಕುಹರಗಳಲ್ಲಿ (ನೀರಿರುವ ಪೊಳ್ಳುಗಳಲ್ಲಿ) ರೋಗಾಣು ಅಡಗಿ ಕೂತಿರಬಹುದು. ಔಷಧಿ ನಿಂತ ಕೂಡಲೇ ಮತ್ತೆ ತಲೆಯೆತ್ತುತ್ತದೆ, ಆಗ ಪಳಗಿಸುವುದು ಇನ್ನೂ ಕಷ್ಟ. ಈ ಜಾತಿಯ ರೋಗಾಣುಗಳಾದರೆ ನೀರು ಚೊಕ್ಕವಾಯಿತೇ ಎಂದು ತಿಳಿಯಲು ಬೆನ್ನಿನ ಪರೀಕ್ಷೆಯನ್ನು ಮತ್ತೊಮ್ಮೆ ಮಾಡುವುದುಂಟು. ಕೇಳಿದರೆ ಗಾಬರಿಯಾಗಬೇಡಿ.

ಔಷಧಿಯ ಹಾನಿಯ ಬಗ್ಗೆ ತಂಗಿಯವರ ಆತಂಕ ಸರಿಯಾದದ್ದೇ. ಜೆಂಟಾಮೈಸಿನ್ ಗುಂಪಿನ ಔಷಧಿ ಮೂತ್ರಪಿಂಡ ಮತ್ತು ಕಿವಿಗೆ ತೊಂದರೆ ಕೊಡಬಲ್ಲದು. ಹಾಗೆಂದೇ ಮೂತ್ರ, ರಕ್ತ ನೋಡುತ್ತಾ ಡೋಸ್ ಲೆಕ್ಕ ಹಾಕುತ್ತೇವೆ. ಕಾಮಾಲೆಯಿರುವ ಹಸುಗೂಸಿಗೆ ಸೆಫ್ಟ್ರಿಯಾಕ್ಸೋನ್ ಕೊಡುವುದಿಲ್ಲ, ಅದರ ಬದಲು ಸೆಫೊಟ್ಯಾಕ್ಸಿಮ್ ಬಳಸುತ್ತೇವೆ. ಸೋಂಕು ಮಾಡುವ ಹಾನಿಯ ಮುಂದೆ ಔಷಧಿಯದ್ದು ಬಹಳ ಸಣ್ಣದು.

ಖರ್ಚಿನ ಬಗ್ಗೆ ನಾಚಿಕೆ ಬೇಡ. ಮಗು ಸ್ಥಿರವಾಗಿದ್ದರೆ ಜಿಲ್ಲಾ ಆಸ್ಪತ್ರೆಯ ನವಜಾತ ಶಿಶು ಘಟಕಕ್ಕೆ ವರ್ಗಾಯಿಸಬಹುದೇ ಎಂದು ವೈದ್ಯರನ್ನೇ ಕೇಳಿ. ಅಲ್ಲಿ ಔಷಧಿಯನ್ನು ಹಾಗೆಯೇ ಮುಂದುವರಿಸುತ್ತಾರೆ. ಔಷಧಿ ಒಂದು ಹೊತ್ತೂ ತಪ್ಪದಂತೆ, ಎಲ್ಲ ಕಾಗದಗಳೊಂದಿಗೆ ಸಾಗಿಸಬೇಕು.

ನೆತ್ತಿಯ ಮೇಲಿನಿಂದ ಅಲ್ಟ್ರಾಸೌಂಡ್ ಮಾಡಿದ್ದಾರೆಯೇ? ಆ ಮೆತ್ತನೆಯ ನೆತ್ತಿಯೇ ನಮಗೆ ಮಿದುಳಿನೊಳಗೆ ನೋಡುವ ದಾರಿ. ನೀರು ತುಂಬಿ ಕುಹರಗಳು ಹಿಗ್ಗುತ್ತಿವೆಯೇ, ಎಲ್ಲಾದರೂ ಕೀವು ಕಟ್ಟಿದೆಯೇ ಎಂಬುದು ಅದರಲ್ಲಿ ಕಾಣುತ್ತದೆ. ತಲೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು ಬರೆದಿಡುತ್ತಿರಬೇಕು. ಅಳತೆ ದಿಢೀರನೆ ಏರಿದರೆ ನರಶಸ್ತ್ರ ವೈದ್ಯರು ನೋಡಬೇಕಾಗುತ್ತದೆ, ಕೆಲವು ಮಕ್ಕಳಿಗೆ ನೀರನ್ನು ಹೊಟ್ಟೆಗೆ ಇಳಿಸುವ ಕೊಳವೆ ಹಾಕುತ್ತಾರೆ.

ಮೈಸೂರಿನ ತಾಯಿ

ಇಷ್ಟು ಹೊತ್ತು ಓದುತ್ತಾ ಕೂತಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು. ನನ್ನ ಮಗನಿಗೂ ಹುಟ್ಟಿದ ತಿಂಗಳೊಳಗೆ ಇದೇ ಸೋಂಕು ಬಂದಿತ್ತು. ಬದುಕಿ ಮನೆಗೆ ಬಂದ. ಎಲ್ಲರೂ ದೇವರು ದೊಡ್ಡವನು, ಮುಗಿಯಿತು ಎಂದರು. ಬಿಡುಗಡೆಗೆ ಮುಂಚೆ ಒಬ್ಬ ಕಿರಿಯ ಡಾಕ್ಟರಮ್ಮ ಬಂದು ಕಿವಿಯ ಪರೀಕ್ಷೆ ಮಾಡಿಸದೆ ಇರಬೇಡಿ ಎಂದು ಹೇಳಿ ಚೀಟಿ ಬರೆದುಕೊಟ್ಟಿದ್ದರು. ಅವರ ಆ ಚೀಟಿಯನ್ನು ಈಗಲೂ ಇಟ್ಟುಕೊಂಡಿದ್ದೇನೆ.

ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆವು. ಹಣೆಗೆ ಮತ್ತು ಕಿವಿಯ ಹಿಂದೆ ಪುಟ್ಟ ಅಂಟುಗಳನ್ನು ಹಚ್ಚಿ, ಕಿವಿಯಲ್ಲಿ ಶಬ್ದ ಕೇಳಿಸಿ, ನರ ಅದನ್ನು ಮಿದುಳಿಗೆ ಮುಟ್ಟಿಸುತ್ತಿದೆಯೇ ಎಂದು ಕಂಪ್ಯೂಟರಿನಲ್ಲಿ ನೋಡುತ್ತಾರೆ. ಅದಕ್ಕೆ ಬೆರಾ ಪರೀಕ್ಷೆ ಎನ್ನುತ್ತಾರೆ. ನೋವಿಲ್ಲ, ಮಗು ನಿದ್ದೆಯಲ್ಲಿದ್ದರೆ ಸಾಕು. ನನ್ನ ಮಗನಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಯಾರೂ ನಂಬಲಿಲ್ಲ, ಏಕೆಂದರೆ ಬಾಗಿಲು ಬಡಿದಾಗ ಅವನು ತಿರುಗುತ್ತಿದ್ದ. ನೆಲದ ಅದುರು ಅವನಿಗೆ ತಿಳಿಯುತ್ತಿತ್ತು ಎಂಬುದು ಆಮೇಲೆ ಅರ್ಥವಾಯಿತು.

ಅಲ್ಲಿ ಹೇಳಿದ ಇನ್ನೊಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಬೇರೆ ಕಾರಣದ ಕಿವುಡಿಗಿಂತ ಈ ಸೋಂಕಿನ ಕಿವುಡಿನಲ್ಲಿ ಅವಸರ ಹೆಚ್ಚು, ಏಕೆಂದರೆ ಒಳಗಿವಿಯ ಶಂಖದೊಳಗೆ ಮೂಳೆ ಬೆಳೆದು ಮುಚ್ಚಿಕೊಳ್ಳಬಹುದು. ಮುಚ್ಚಿಕೊಂಡರೆ ಕಾಕ್ಲಿಯರ್ ಇಂಪ್ಲಾಂಟ್ (ಶಂಖದೊಳಗೆ ಇಟ್ಟು ಶಬ್ದ ಕೇಳಿಸುವ ಸಾಧನ) ಕೂರಿಸುವುದು ಕಷ್ಟ. ಮೊದಲು ಶ್ರವಣ ಯಂತ್ರ, ಆಮೇಲೆ ಇಂಪ್ಲಾಂಟ್, ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ. ತರಬೇತಿಗೆ ನಾನೂ ಜೊತೆಯಲ್ಲಿ ಕೂರುತ್ತಿದ್ದೆ, ತಾಯಂದಿರೂ ಕಲಿಯಬೇಕು. ಈಗ ಶಾಲೆಗೆ ಹೋಗುತ್ತಾನೆ, ಕನ್ನಡ ಪಾಠ ಜೋರಾಗಿ ಓದುತ್ತಾನೆ. ‘ಳ’ ಅಕ್ಷರ ಇನ್ನೂ ನಾಲಿಗೆಗೆ ಹೊಂದುತ್ತಿಲ್ಲ, ಬರುತ್ತದೆ.

ಹಿರಿಯಜ್ಜಿ, ಶಿರಸಿ

ಮಗಳೇ, ನಿನ್ನ ಮಗ ನೂರು ಕಾಲ ಬಾಳಲಿ. ಮೈಸೂರಿನಷ್ಟು ದೂರ ಹೋಗಲಾಗದವರು ಏನು ಮಾಡಬೇಕು?

ಆಶಾ ಕಾರ್ಯಕರ್ತೆ, ಕೊಪ್ಪಳ ಜಿಲ್ಲೆ

ಅಜ್ಜಿ, ಜಿಲ್ಲಾ ಆಸ್ಪತ್ರೆಯಲ್ಲಿ ಡಿಇಐಸಿ ಎಂಬ ಕೇಂದ್ರವಿರುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಬರುತ್ತದೆ. ಕಿವಿ, ಕಣ್ಣು, ಕತ್ತು ನಿಲ್ಲುವುದು, ಕೂರುವುದು, ಮಾತು ಎಲ್ಲವನ್ನೂ ಅಲ್ಲಿ ನೋಡಿ, ಬೇಕಾದವರನ್ನು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ನಾವೇ ಜೊತೆಗೆ ಕರೆದುಕೊಂಡು ಹೋಗುತ್ತೇವೆ, ನಿಮ್ಮೂರಿನ ಆಶಾಳನ್ನು ಕೇಳಲು ಹೇಳಿ.

ಸೋದರಮಾವ, ತುಮಕೂರು

ಮೈಸೂರಿನ ಅಕ್ಕ, ನೀವು ಬರೆದದ್ದನ್ನು ತಂಗಿಗೆ ತೋರಿಸಿದೆ. ಔಷಧಿ ಮುಗಿಯುವವರೆಗೂ ಆಸ್ಪತ್ರೆಯಿಂದ ಕದಲುವುದಿಲ್ಲ ಎಂದು ಅವಳೇ ಬೀಗರಿಗೆ ಹೇಳಿದಳು. ಸಿಸ್ಟರ್, ಬಿಡುಗಡೆಯಾಗುವ ದಿನ ಆಸ್ಪತ್ರೆಯಿಂದ ಏನೇನು ಕೇಳಿ ಪಡೆಯಬೇಕು?

ಎನ್‌ಐಸಿಯು ಸಿಸ್ಟರ್

ಡಿಸ್ಚಾರ್ಜ್ ಚೀಟಿಯಲ್ಲಿ ಮೆನಿಂಜೈಟಿಸ್ ಎಂದು ಮಾತ್ರ ಬರೆದಿದ್ದರೆ ಸಾಲದು. ಯಾವ ರೋಗಾಣು, ಯಾವ ಔಷಧಿಗೆ ಬಗ್ಗಿತು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಕೊಟ್ಟರು, ಎಷ್ಟು ಸಲ ಫಿಟ್ಸ್ ಬಂತು ಎಂಬುದೆಲ್ಲ ಇರಬೇಕು. ಬೆನ್ನಿನ ನೀರಿನ ವರದಿಗಳ ಮತ್ತು ಸ್ಕ್ಯಾನಿನ ಪ್ರತಿ ಕೇಳಿ. ಬಿಡುಗಡೆಯ ದಿನದ ತೂಕ ಮತ್ತು ತಲೆಯ ಸುತ್ತಳತೆ ಬರೆಸಿಕೊಳ್ಳಿ, ಮುಂದೆ ನೋಡುವ ವೈದ್ಯರು ಅದರ ಜೊತೆಗೇ ಹೋಲಿಸುತ್ತಾರೆ. ಫಿಟ್ಸ್ ಔಷಧಿ ಮುಂದುವರಿಸಲು ಹೇಳಿದ್ದರೆ ನೀವಾಗಿ ನಿಲ್ಲಿಸಬೇಡಿ. ಬೆರಾ ಪರೀಕ್ಷೆಗೆ ಮತ್ತು ಮುಂದಿನ ಭೇಟಿಗೆ ತಾರೀಖು ಹಾಕಿಸಿಕೊಂಡೇ ಹೊರಡಿ. ತಂಗಿಯವರು ಮತ್ತೆ ಬಸುರಿಯಾದರೆ ಮೊದಲ ತಪಾಸಣೆಯಲ್ಲೇ ಈ ಚೀಟಿಯನ್ನು ತೋರಿಸಲಿ. ಎಲ್ಲದರ ಫೋಟೊ ತೆಗೆದು ನಿಮ್ಮ ಮೊಬೈಲಿನಲ್ಲೂ ಇಟ್ಟುಕೊಳ್ಳಿ, ಕಾಗದ ಕಳೆದುಹೋಗುತ್ತದೆ.